ಅತ್ತಿಗೆಯ ಕಿವಿಯ ಅಳತೆ

ಕೆಟ್ಟದ್ದನ್ನು ಸರಿಮಾಡುವುದು ನನ್ನ ಕಸುಬು. ಟಿವಿ, ಮಿಕ್ಸಿ, ರೇಡಿಯೋ, ಇಸ್ತ್ರಿಪೆಟ್ಟಿಗೆ, ಯಾವುದು ಬಂದರೂ ಬಿಚ್ಚಿ ನೋಡಿ, ಆಗುತ್ತದೆ ಅಂದರೆ ಆಗುತ್ತದೆ, ಆಗಲ್ಲ ಅಂದರೆ ಆಗಲ್ಲ ಅಂತ ಮುಖಕ್ಕೆ ಹೊಡೆದ ಹಾಗೆ ಹೇಳುವವಳು ನಾನು. ಅದಕ್ಕೇ ಬೀದಿಯಲ್ಲಿ ನನಗೆ ಜಗಳಗಂಟಿ ಅಂತ ಹೆಸರು. ಇಪ್ಪತ್ತಾರು ವರ್ಷದಲ್ಲಿ ಸರಿಯಿದ್ದದ್ದನ್ನು ನಾನೇ ಕೈಯಾರೆ ಕೆಡಿಸಿದ್ದು ಒಂದೇ ಸಲ. ಅದು ಫ್ರೇಮಣ್ಣನ ಮನೆಯದು.

ಫ್ರೇಮಣ್ಣನ ಅಂಗಡಿ ನನ್ನ ಅಂಗಡಿಯಿಂದ ಎರಡು ಬಾಗಿಲು ಆಚೆ. ಫೋಟೋಗಳಿಗೆ ಕಟ್ಟು ಹಾಕಿಕೊಡುವುದು ಅವರ ಕೆಲಸ. ಕಾಲಿನಲ್ಲಿ ತುಳಿದರೆ ಮರದ ಪಟ್ಟಿಯ ಮೂಲೆಯನ್ನು ಓರೆಯಾಗಿ ಕತ್ತರಿಸುವ ಒಂದು ಯಂತ್ರ, ಗಾಜು ಕೊಯ್ಯುವ ಕಡ್ಡಿ, ಸಣ್ಣ ಮೊಳೆಗಳ ಡಬ್ಬಿ, ಗೋಡೆಯ ತುಂಬ ಬಣ್ಣಬಣ್ಣದ ಪಟ್ಟಿಗಳ ತುಂಡು, ಇಷ್ಟೇ ಅವರ ಆಸ್ತಿ. ಮಾತು ಬಹಳ ಕಡಿಮೆ. ಮದುವೆ ಫೋಟೋ ತಂದವರು ಬೇಡವೆಂದರೂ ಕತೆ ಹೇಳುತ್ತಾರೆ, ಸತ್ತವರ ಫೋಟೋ ತಂದವರು ಕೇಳಿದರೂ ಹೇಳುವುದಿಲ್ಲ. ಅಣ್ಣ ಇಬ್ಬರನ್ನೂ ಏನೂ ಕೇಳುತ್ತಿರಲಿಲ್ಲ. ಉದ್ದ ಅಗಲ ಅಳೆದು, ಫೋಟೋವನ್ನು ಮೇಜಿನ ಮೇಲೆ ಬೋರಲು ಹಾಕಿ, "ನಾಳಿದ್ದು ಬನ್ನಿ" ಅನ್ನುತ್ತಿದ್ದರು. ಯಾಕೆ ಬೋರಲು ಹಾಕುತ್ತೀರಿ ಎಂದು ನಾನೊಮ್ಮೆ ಕೇಳಿದ್ದೆ.

"ಕೆಲಸ ಮಾಡೋವಾಗ ಅವರು ನನ್ನ ನೋಡ್ತಾ ಇರ್ತಾರೆ ತಂಗಿ. ಕೈ ನಡುಗುತ್ತೆ," ಅಂದಿದ್ದರು.

ಅಂಥ ಮೂಕಬಸವನಿಗೆ ಸಿಕ್ಕ ಹೆಂಡತಿಯಾದರೋ ಮಾತೇ ಬಂಡವಾಳವಾಗಿದ್ದವಳು. ಅತ್ತಿಗೆ ದೊಡ್ಡಾಸ್ಪತ್ರೆಯಲ್ಲಿ ಟೆಲಿಫೋನ್ ಆಪರೇಟರ್. ಮೆಟ್ಟಿಲ ಕೆಳಗೆ ಕಿಟಕಿಯೇ ಇಲ್ಲದ ಒಂದು ಕೋಣೆ, ಅದರಲ್ಲಿ ಒಂದು ಬೋರ್ಡು, ಒಂದು ಕುರ್ಚಿ. ಇಡೀ ಆಸ್ಪತ್ರೆಗೆ ಬರುವ ಕರೆಯೆಲ್ಲ ಅವರ ಕಿವಿಯ ಮೂಲಕವೇ ಹಾದುಹೋಗಬೇಕು. "ಹಲೋ, ಯಾರು ಬೇಕಿತ್ತು?" ಅನ್ನುವ ಆ ದನಿ ಈ ಊರಿನಲ್ಲಿ ಕೇಳದವರಿಲ್ಲ. ಅವರಿಬ್ಬರ ಮದುವೆಯೂ ಆ ಬೋರ್ಡಿನ ಪುಣ್ಯವೇ. ಅಣ್ಣನ ತಂದೆ ಆಸ್ಪತ್ರೆಯಲ್ಲಿದ್ದಾಗ ಅಣ್ಣ ದಿನಾ ಸಂಜೆ ಫೋನು ಮಾಡಿ ವಾರ್ಡಿಗೆ ಕೊಡಿ ಅನ್ನುತ್ತಿದ್ದರಂತೆ. ಹದಿನೇಳನೆಯ ದಿನ ವಾರ್ಡಿನವರು ಸುದ್ದಿ ಹೇಳಿ ಫೋನಿಟ್ಟರು. ಅಣ್ಣ ಇಡಲಿಲ್ಲ, ಇಡಬೇಕೆಂದು ತೋಚಲೇ ಇಲ್ಲ. ಆಗ ಆ ಕಡೆಯಿಂದ, "ನಾನಿದ್ದೀನಿ, ಲೈನು ಕಟ್ ಮಾಡಲ್ಲ, ನೀವು ನಿಧಾನಕ್ಕೆ ಇಡಿ," ಎಂಬ ದನಿ ಬಂತು. ಆ ದನಿ ಯಾರದೆಂದು ನೋಡಲು ಒಂದು ತಿಂಗಳ ಮೇಲೆ ಮೆಟ್ಟಿಲ ಕೆಳಗಿನ ಕೋಣೆಗೆ ಹೋದರು. ಮುಂದಿನದನ್ನು ಅತ್ತಿಗೆ ನನಗೆ ಹೇಳುತ್ತಿದ್ದ ರೀತಿ: "ಬಾಗಿಲಲ್ಲಿ ಕಂಬದ ಹಾಗೆ ನಿಂತಿದ್ರು ಕಣೇ. ಯಾರು ಬೇಕಿತ್ತು ಅಂದೆ. ನೀವೇ ಅಂದ್ರು. ಅಷ್ಟೇ ಕಣೇ, ಇವರು ಜೀವನದಲ್ಲಿ ಆಡಿದ ದೊಡ್ಡ ಮಾತು!"

ಇಪ್ಪತ್ತೆರಡು ವರ್ಷ ಆ ಬೋರ್ಡಿನ ಮುಂದೆ ಕೂತ ಮೇಲೆ ಒಂದು ಬೆಳಿಗ್ಗೆ ಅತ್ತಿಗೆ ಎಂದಿನಂತೆ ಒಂದು ಕಿವಿಗೆ ಹೆಡ್‌ಫೋನು ಸಿಕ್ಕಿಸಿಕೊಂಡರು. ಸದ್ದೇ ಇಲ್ಲ. ಲೈನು ಸತ್ತಿದೆ ಎಂದು ಮೆಕ್ಯಾನಿಕ್ಕನ್ನು ಕರೆಸಿ ಬೈದರು. ಅವನು ತನ್ನ ಕಿವಿಗೆ ಹಚ್ಚಿ ನೋಡಿ, ಚೆನ್ನಾಗಿದೆಯಲ್ಲ ಮೇಡಂ, ಅಂದ. ಅತ್ತಿಗೆ ಅದನ್ನು ತಮ್ಮ ಇನ್ನೊಂದು ಕಿವಿಗೆ ಹಿಡಿದು ನೋಡಿದಾಗಲೇ ಗೊತ್ತಾದದ್ದು, ಸತ್ತದ್ದು ಲೈನಲ್ಲ, ಕಿವಿ. ಅದೇ ಆಸ್ಪತ್ರೆಯ ಡಾಕ್ಟರು ನೋಡಿ, ಈ ಕಿವಿ ಮತ್ತೆ ಬರುವುದಿಲ್ಲ, ಯಂತ್ರ ಹಾಕಿದರೂ ಪ್ರಯೋಜನವಿಲ್ಲ ಅಂದುಬಿಟ್ಟರು. ಇನ್ನೊಂದು ಕಿವಿಯಿಂದ ಎರಡು ವರ್ಷ ದೂಡಿ, ಅತ್ತಿಗೆ ಕೆಲಸ ಬಿಟ್ಟರು.

ಅಂಗಡಿಗೆ ಬಂದಾಗ ಕೌಂಟರಿನ ಆಚೆ ಅವರು ಸ್ವಲ್ಪ ಓರೆಯಾಗಿ, ಕೇಳುವ ಕಿವಿ ಮುಂದೆ ಬರುವ ಹಾಗೆ ನಿಲ್ಲುತ್ತಿದ್ದರು. ಕೇಳದ ಕಿವಿ ನನ್ನ ಬಲಗೈ ಕಡೆಗೆ, ಮಿಕ್ಸಿಗಳ ಶೆಲ್ಫಿನ ಕಡೆಗೆ ಇರುತ್ತಿತ್ತು. ಶೆಲ್ಫಿನ ಕಡೆಗೆ ನಿಂತು ಯಾರಾದರೂ ಮಾತಾಡಿದರೆ ಅತ್ತಿಗೆಗೆ ತಿಳಿಯದು ಎಂದು ನನಗೆ ಚೆನ್ನಾಗಿ ಗೊತ್ತಿತ್ತು. ಅಷ್ಟು ಗೊತ್ತಿದ್ದದ್ದೇ ಸಾಕೆಂದುಕೊಂಡಿದ್ದೆ.

ಒಂದು ದಿನ ಬಂದವರು ಟಿವಿಯ ಮೇಲೆ ದೂರು ಹೇಳಿದರು. "ಸಂಗೀತ ಮಾತನ್ನ ನುಂಗಿಹಾಕುತ್ತೆ ಕಣೇ. ನಾಯಕಿ ಬಾಯಿ ಆಡಿಸ್ತಾಳೆ, ನನಗೆ ಬರೀ ಪಿಟೀಲು. ಇವರನ್ನ ಏನಂದ್ಲು ಅಂತ ಕೇಳಿದ್ರೆ, ಏನೋ ಅಂದ್ಲು ಅಂತಾರೆ."

ಆಗ ನಾನು ಶೆಲ್ಫಿನ ಮೇಲಿದ್ದ ರಿಸೀವರ್ ತೋರಿಸಿದೆ. ಐದು ಸ್ಪೀಕರಿಗೆ ಬೇರೆಬೇರೆಯಾಗಿ ಸದ್ದು ಹಂಚುವ ಕಪ್ಪು ಪೆಟ್ಟಿಗೆ ಅದು. ಅದರ ಕಂಪನಿಯವರ ಮಾಲಿನಲ್ಲಿ ಎಲ್ಲಕ್ಕಿಂತ ಅಗ್ಗದ್ದು, ಅದರಲ್ಲೂ ಪ್ರದರ್ಶನಕ್ಕಿಟ್ಟು ಮೂಲೆ ನೆಗ್ಗಿದ್ದರಿಂದ ಅರ್ಧಕ್ಕೆ ಬಂದಿತ್ತು. ಸಿನಿಮಾದ ಮಾತೆಲ್ಲ ನಡುವಿನ ಸ್ಪೀಕರಿನಲ್ಲಿ, ಸಂಗೀತ ಪಕ್ಕದವುಗಳಲ್ಲಿ, ಹಿಂದಿನ ಸದ್ದು ಹಿಂದೆ. ಬೇಕಾದ್ದನ್ನು ಏರಿಸಿ ಬೇಡದ್ದನ್ನು ಇಳಿಸಬಹುದು ಎಂದು ವಿವರಿಸಿದೆ.

"ಇದಕ್ಕೇನಂತಾರೆ?"

"ರಿಸೀವರ್."

"ಅಯ್ಯೋ ನನ್ನ ಕರ್ಮವೇ! ಇಪ್ಪತ್ನಾಲ್ಕು ವರ್ಷ ರಿಸೀವರ್ ಹಿಡಿದೇ ಕಿವಿ ಹೋಯ್ತು, ಈಗ ನೀನು ಇನ್ನೊಂದು ಮಾರ್ತೀಯಾ?" ಎಂದು ನಕ್ಕರು. ಆದರೂ ಮನೆಗೆ ತರಿಸಿಕೊಂಡರು.

ಅವರದು ಎರಡು ಕೋಣೆಯ ಬಾಡಿಗೆ ಮನೆ. ಮುಂದಿನ ಕೋಣೆಯಲ್ಲಿ ಟಿವಿ, ಎದುರಿಗೆ ಎರಡು ಬೆತ್ತದ ಕುರ್ಚಿ, ಒಂದು ಅತ್ತಿಗೆಯದು, ಒಂದು ಅಣ್ಣನದು. ಐದು ಸ್ಪೀಕರುಗಳನ್ನು ಜೋಡಿಸಿ ತಂತಿ ಎಳೆಯಲು ನನಗೆ ಒಂದು ಭಾನುವಾರ ಪೂರ್ತಿ ಹಿಡಿಯಿತು. ಸ್ಪೀಕರುಗಳಿಗೆ ಮರದ ಮೇಜುಗಳನ್ನು ಅಣ್ಣನೇ ಫ್ರೇಮಿನ ಪಟ್ಟಿಗಳಿಂದ ಮಾಡಿದ್ದರು, ಹಾಗಾಗಿ ಪ್ರತಿಯೊಂದಕ್ಕೂ ಚಿನ್ನದ ಬಣ್ಣದ ಹೂಬಳ್ಳಿಯ ಅಂಚು. "ಮದುವೆಮನೆ ಹಾಗಿದೆ," ಎಂದು ನಾನು ಅಣಕಿಸಿದೆ.

ಆ ರಿಸೀವರಿನ ಜೊತೆ ಒಂದು ಪುಟ್ಟ ಮೈಕು ಬರುತ್ತದೆ. ಅದನ್ನು ಕೂರುವ ಕುರ್ಚಿಯ ಮೇಲೆ, ಕಿವಿಯ ಎತ್ತರಕ್ಕೆ ಇಟ್ಟು ಗುಂಡಿ ಒತ್ತಿದರೆ, ಯಂತ್ರ ಒಂದೊಂದೇ ಸ್ಪೀಕರಿನಿಂದ 'ಝುಂಯ್' ಎಂದು ಸದ್ದು ಹೊರಡಿಸಿ, ಯಾವುದು ಎಷ್ಟು ದೂರ, ಯಾವುದು ಎಷ್ಟು ಜೋರು ಎಂದು ತಾನೇ ಅಳೆದುಕೊಳ್ಳುತ್ತದೆ. ಅಳೆಯುವಾಗ ಕೋಣೆಯಲ್ಲಿ ಪಿಟ್ಟೆನ್ನಬಾರದು. ನಾನು ಮೈಕನ್ನು ಅತ್ತಿಗೆಯ ಕುರ್ಚಿಯ ಮೇಲಿಟ್ಟು, ಇಬ್ಬರನ್ನೂ ಬಾಗಿಲ ಹತ್ತಿರ ನಿಲ್ಲಿಸಿ, ಉಸಿರೂ ಬಿಡಬೇಡಿ ಅಂದೆ. ಮೊದಲ ಸ್ಪೀಕರು 'ಝುಂಯ್' ಅಂದಿತು.

"ಹಲೋ, ಯಾರು ಬೇಕಿತ್ತು?" ಅಂದರು ಅತ್ತಿಗೆ.

ಅಭ್ಯಾಸಬಲ. ಅವರಿಗೇ ನಗು ತಡೆಯಲಾಗಲಿಲ್ಲ. ಗದ್ದಲವಾಗಿದೆ, ಮತ್ತೆ ಮಾಡಿ ಎಂದು ಯಂತ್ರ ಮುನಿಸಿಕೊಂಡು ನಿಂತುಬಿಟ್ಟಿತು. ಎರಡನೆಯ ಸಲ ಸದ್ದು ಬರುವ ಮೊದಲೇ ಖಿಕ್ಕೆಂದರು. ಮೂರನೆಯ ಸಲ ಅವರನ್ನು ನೋಡಿ ಅಣ್ಣ ನಕ್ಕರು. ಅಣ್ಣ ನಕ್ಕದ್ದನ್ನು ನಾನು ಕಂಡದ್ದು ಅದೇ ಮೊದಲು. ನಾನು ಬೈದೆ. ನಾಲ್ಕನೆಯ ಸಲ ಅತ್ತಿಗೆ ಬಾಯಿಗೆ ಟವೆಲ್ ಒತ್ತಿಕೊಂಡು, ಕಣ್ಣಲ್ಲಿ ನೀರು ಬರುವ ತನಕ ತಡೆದುಕೊಂಡು ನಿಂತ ಮೇಲೆ ಅಳತೆ ಮುಗಿಯಿತು.

ಇಷ್ಟೆಲ್ಲ ಆಗಿ ಕೂತು ಕೇಳಿದರೆ ಅತ್ತಿಗೆಗೆ ಸಮಾಧಾನವಿಲ್ಲ. "ಈ ಮೈಕಿಗೆ ಏನೂ ಊನ ಇಲ್ಲ ಕಣೇ, ಎಲ್ಲಾ ಸಮ ಮಾಡಿಟ್ಟಿದೆ. ನನಗೆ ಸಮ ಆದ್ರೆ ಆಗಲ್ಲ. ರಿಮೋಟು ಕೊಡು, ನಾನೇ ನೋಡ್ಕೋತೀನಿ," ಅಂದರು. ಆ ಮೇಲೆ ಸುಮಾರು ಒಂದು ತಿಂಗಳು, ದಿನಾ ಸಂಜೆ, ಒಂದೇ ಸಿನಿಮಾದ ರೈಲ್ವೆ ಸ್ಟೇಷನ್ನಿನ ದೃಶ್ಯ ಹಾಕಿಕೊಂಡು, ಒಂದು ಸ್ಪೀಕರು ಒಂದಂಕಿ ಮೇಲೆ, ಇನ್ನೊಂದು ಎರಡಂಕಿ ಕೆಳಗೆ, ಈ ದೂರ ಸ್ವಲ್ಪ ಹೆಚ್ಚು, ಆ ದೂರ ಸ್ವಲ್ಪ ಕಡಿಮೆ ಎಂದು ಕೂತು ತಿದ್ದಿದರು. ಕೊನೆಗೊಂದು ದಿನ ನನ್ನ ಅಂಗಡಿಗೆ ಓಡಿಬಂದು ಸುದ್ದಿ ಹೇಳಿದರು. "ಸ್ಟೇಷನ್‌ನಲ್ಲಿ ಜನ ಹಿಂದಿನಿಂದ ಬಂದು ಪಕ್ಕದಲ್ಲಿ ಹಾದುಹೋದ್ರು ಕಣೇ! ಆ ಕಡೆ ಪಕ್ಕದಲ್ಲಿ!" ಆ ಕಡೆ ಅಂದರೆ ಸತ್ತ ಕಿವಿಯ ಕಡೆ. ಟಿವಿಯ ತಂತಿ ಸೇರುವ ಸಾಲಿಗೆ ರಿಸೀವರಿನ ಪರದೆಯಲ್ಲಿ 'ಟಿವಿ' ಅನ್ನುವುದರ ಬದಲು ಬೇಕಾದ ಹೆಸರು ಬರೆಯಲು ಬರುತ್ತದೆ. ಅತ್ತಿಗೆ ಅಲ್ಲಿ ಇಂಗ್ಲಿಷ್ ಅಕ್ಷರಗಳಲ್ಲಿ 'ಬೋರ್ಡ್' ಅಂತ ಬರೆದಿದ್ದರು. ಆನ್ ಮಾಡಿದಾಗಲೆಲ್ಲ ನೀಲಿ ಬೆಳಕಿನಲ್ಲಿ ಆ ಮಾತು ಬರುತ್ತಿತ್ತು.

ಆರು ವರ್ಷ ಹಾಗೆ ನಡೆಯಿತು. ಆಮೇಲೆ ಒಂದು ವಾರದ ಜ್ವರ, ಅದೇ ದೊಡ್ಡಾಸ್ಪತ್ರೆ, ಅಷ್ಟೇ. ನನ್ನ ಅಂಗಡಿಯ ಫೋನಿಗೆ ಸುದ್ದಿ ಹೇಳಿದ ಹೊಸ ಆಪರೇಟರು ಕೊನೆಯ ಮಾತು ಮುಗಿಯುವ ಮೊದಲೇ ಲೈನು ಕಟ್ ಮಾಡಿದಳು. ಆ ಹುಡುಗಿಯ ಮೇಲೆ ನನಗೆ ಇವತ್ತಿಗೂ ಸಿಟ್ಟಿದೆ.

ಊರಿನ ಸತ್ತವರಿಗೆಲ್ಲ ಕಟ್ಟು ಹಾಕಿಕೊಟ್ಟ ಫ್ರೇಮಣ್ಣ ತಮ್ಮ ಹೆಂಡತಿಯ ಫೋಟೋಗೆ ಕಟ್ಟು ಹಾಕಲಿಲ್ಲ. ತಿಂಗಳಾಯಿತು, ವರ್ಷವಾಯಿತು. ನೋಡಿದವರು ಆಡಿಕೊಂಡರು. ನನಗೂ ನಾಲಿಗೆ ಸುಮ್ಮನಿರದೆ ಕೇಳಿಯೇಬಿಟ್ಟೆ.

"ಫ್ರೇಮ್ ಹಾಕಿದ್ರೆ ಗೋಡೆಗೆ ಹೋಗ್ತಾಳೆ ತಂಗಿ. ಇನ್ನೂ ಕುರ್ಚಿಯಲ್ಲಿ ಇದ್ದಾಳೆ," ಅಂದರು.

ನನಗೆ ಆಗ ಅರ್ಥವಾಗಲಿಲ್ಲ. ಒಂದು ಸಂಜೆ ಬಾಗಿಲು ತಟ್ಟಿ ಒಳಗೆ ಹೋದಾಗ ಅಣ್ಣ ಅತ್ತಿಗೆಯ ಕುರ್ಚಿಯಲ್ಲಿ ಕೂತು ಆ ಸ್ಟೇಷನ್ನಿನ ದೃಶ್ಯವನ್ನೇ ಕೇಳುತ್ತಿದ್ದರು. ಬಾಗಿಲಲ್ಲಿ ನಿಂತವಳಿಗೆ ಮಾತು ಕಿರುಚಿದ ಹಾಗೆ, ಸಂಗೀತ ಬಾವಿಯಲ್ಲಿ ಬಿದ್ದ ಹಾಗೆ ಕೇಳಿಸಿತು. "ಇದೇನಣ್ಣ ಅವತಾರ? ಮೈಕು ಇಟ್ಟು ನಿಮ್ಮ ಕಿವಿಗೆ ಸರಿ ಮಾಡ್ಕೊಡ್ಲಾ? ಐದು ನಿಮಿಷದ ಕೆಲಸ," ಅಂದೆ.

"ಬೇಡ, ಬೇಡ," ಎಂದು ಅಣ್ಣ ಎದ್ದೇ ನಿಂತರು. ಅಷ್ಟು ಜೋರಾಗಿ ಅವರು ಮಾತಾಡಿದ್ದನ್ನು ನಾನು ಕೇಳಿರಲಿಲ್ಲ. ಆಮೇಲೆ ಸಾವಕಾಶವಾಗಿ ಹೇಳಿದರು: "ಅವಳ ಕುರ್ಚಿಯಲ್ಲಿ ಕೂತ್ರೆ ಎಲ್ಲಾ ಒಂದು ಕಡೆಗೆ ವಾಲಿದ ಹಾಗಿರುತ್ತೆ. ಅವಳಿಗೆ ಪ್ರಪಂಚ ಹಾಗಿತ್ತು ಅಂತ ನನಗೆ ಗೊತ್ತೇ ಇರಲಿಲ್ಲ. ಎಷ್ಟೋ ಸಲ ಆ ಕಿವಿ ಕಡೆಯಿಂದ ಮಾತಾಡಿ, ಉತ್ತರ ಕೊಡಲಿಲ್ಲ ಅಂತ ಮುನಿಸ್ಕೊಂಡು ಊಟ ಬಿಟ್ಟಿದ್ದೀನಿ. ಹೇಗೆ ಕೇಳಿಸುತ್ತೆ ಅಂತ ಒಂದಿನ ಕೇಳಬಹುದಿತ್ತಲ್ಲ? ಕೇಳಲಿಲ್ಲ. ಈಗ ದಿನಾ ಅರ್ಧ ಗಂಟೆ ಇಲ್ಲಿ ಕೂತ್ಕೊಂಡು ಕೇಳ್ತೀನಿ. ಇದೊಂದು ಅವಳ ಕೈಯಲ್ಲಿ ಆದದ್ದು ಹಾಗೇ ಉಳಿದಿದೆ."

ಅವತ್ತೇ ನಾನು ಒಂದು ಚೀಟಿಯಲ್ಲಿ ಆ ಅಂಕಿಗಳನ್ನು ಬರೆದುಕೊಳ್ಳಬೇಕಿತ್ತು. ಐದು ಸ್ಪೀಕರು, ತಲಾ ಎರಡು ಅಂಕಿ. ಬೆಂಕಿಪೊಟ್ಟಣದ ಬೆನ್ನಿಗೆ ಹಿಡಿಸುವಷ್ಟು ಬರಹ. ಕಣ್ಣೊರೆಸಿಕೊಂಡು ಮನೆಗೆ ಹೋದೆನೇ ಹೊರತು ಅದು ಹೊಳೆಯಲಿಲ್ಲ.

ಅದಾಗಿ ಏಳೆಂಟು ತಿಂಗಳಿಗೆ ಅಣ್ಣ ರಿಸೀವರನ್ನು ಬೆಡ್‌ಶೀಟಿನಲ್ಲಿ ಸುತ್ತಿ, ಮಗುವನ್ನು ಎತ್ತಿಕೊಂಡ ಹಾಗೆ ಎತ್ತಿಕೊಂಡು ಅಂಗಡಿಗೆ ಬಂದರು. ಆನ್ ಮಾಡಿದರೆ ಕೆಂಪು ದೀಪ ಮಿಣುಕಿ ಆಫ್ ಆಗುತ್ತಿದೆ ಅಂದರು.

"ತಂಗಿ, ಅವಳು ಹಾಕಿದ ಅಳತೆ ಹಾಗೇ ಇರಬೇಕು. ಅದೊಂದು ಹೋಗಬಾರದು. ಅದು ಹೋಗೋ ಹಾಗಿದ್ರೆ ರಿಪೇರಿನೇ ಬೇಡ, ಕೆಟ್ಟೇ ಇರ್ಲಿ."

"ಅಣ್ಣ, ನಾನೇನು ನಿನ್ನೆ ಮೊನ್ನೆ ಸ್ಕ್ರೂಡ್ರೈವರ್ ಹಿಡಿದವಳಾ? ನೀವು ನಿಶ್ಚಿಂತೆಯಾಗಿ ಹೋಗಿ," ಅಂದೆ. ಅವರು ಹೋಗುತ್ತಾ ಎರಡು ಸಲ ತಿರುಗಿ ನೋಡಿದರು.

ನನಗೆ ಕೆಲಸ ಕಲಿಸಿದವರು ನಮ್ಮಪ್ಪ. ಅವರ ಮೊದಲ ಪಾಠ: ಯಾವ ಸೆಟ್ಟು ಬಂದರೂ ಮೊದಲು ಅದರ ಮುಖ ತೊಳೆಸು, ಆಮೇಲೆ ರೋಗ ನೋಡು. ಅಂದರೆ, ಹಿಡಿದಿರುವ ನೆನಪನ್ನೆಲ್ಲ ಅಳಿಸಿ, ಕಾರ್ಖಾನೆಯಿಂದ ಬಂದ ಹಾಗೆ ಮಾಡಿಕೊಂಡು ನೋಡು ಅಂತ. ಈ ಪೆಟ್ಟಿಗೆಗಳಲ್ಲಿ ಅದಕ್ಕೆ ಎರಡು ಗುಂಡಿಗಳನ್ನು ಒಟ್ಟಿಗೆ ಒತ್ತಿಹಿಡಿದು ಪವರ್ ಕೊಡಬೇಕು. ಇಪ್ಪತ್ತಾರು ವರ್ಷದಲ್ಲಿ ನನ್ನ ಬೆರಳಿಗೆ ಅದು ಎಷ್ಟು ರೂಢಿಯಾಗಿತ್ತೆಂದರೆ, ಚಪ್ಪಲಿ ಬಿಟ್ಟು ಮನೆಯೊಳಗೆ ಹೋಗುವಷ್ಟು. ಮಾರನೆಯ ದಿನ ಹನ್ನೊಂದು ಗಂಟೆಗೆ ಒಬ್ಬಾಕೆ ಮಿಕ್ಸಿಯ ಜಾರು ಸೋರುತ್ತದೆ ಎಂದು ಮೂರನೆಯ ಸಲ ತಂದು ಜಗಳಕ್ಕೆ ನಿಂತಿದ್ದಳು. ತಪ್ಪು ಅವಳದೇ, ರಬ್ಬರನ್ನು ತಿರುಗುಮುರುಗಾಗಿ ಹಾಕಿದ್ದಳು. ಬಿಟ್ಟುಕೊಡುವ ಜಾಯಮಾನ ನನ್ನದಲ್ಲ. ಅವಳಿಗೆ ಉತ್ತರ ಕೊಡುತ್ತಲೇ ರಿಸೀವರನ್ನು ಬೆಂಚಿನ ಮೇಲೆಳೆದು, ಕೈ ತನ್ನ ಪಾಡಿಗೆ ಪ್ಲಗ್ಗು ಚುಚ್ಚಿ, ಎರಡು ಗುಂಡಿ ಒತ್ತಿತು.

ಕೆಂಪು ದೀಪ ಹೋಗಿ ಪರದೆ ಬೆಳಗಿತು. "ನೋಡಿ, ಹೀಗೆ ಮುಟ್ಟಿದ ಕೂಡಲೇ ಸರಿಹೋಗುತ್ತೆ ನನ್ನ ಕೈಯಲ್ಲಿ!" ಎಂದು ಆ ಹೆಂಗಸಿಗೆ ಹೆಮ್ಮೆಯಿಂದ ತೋರಿಸಿದೆ. ತೋರಿಸುತ್ತಿದ್ದ ಹಾಗೆ ಕಣ್ಣು ಪರದೆಯ ಮೇಲೆ ಹೋಯಿತು. 'ಬೋರ್ಡ್' ಇರಲಿಲ್ಲ. 'ಟಿವಿ' ಅಂತ ಇತ್ತು.

ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಅನ್ನುತ್ತಾರೆ. ಅಷ್ಟು ದಿನ ಕೂತು ಅತ್ತಿಗೆ ಕಟ್ಟಿದ್ದು ಮೂರು ಸೆಕೆಂಡಿಗೆ ಹೋಯಿತು. ಮೆನುವಿನ ಒಳಗೆ ಹೋಗಿ ನೋಡಿದೆ, ಎಲ್ಲ ಸ್ಪೀಕರಿನ ಮುಂದೆಯೂ ಸೊನ್ನೆ, ಸೊನ್ನೆ, ಸೊನ್ನೆ. ಮಿಕ್ಸಿಯಾಕೆಗೆ ಹೊಸ ಜಾರನ್ನೇ ಕೊಟ್ಟು ಕಳಿಸಿ, ಶಟರ್ ಅರ್ಧ ಎಳೆದು ಕೂತೆ. ಅಣ್ಣ ಅಷ್ಟು ಬಿಡಿಸಿ ಹೇಳಿದ್ದರು. ನನಗೆ ಗೊತ್ತಿರಲಿಲ್ಲ ಅನ್ನುವ ಹಾಗೂ ಇರಲಿಲ್ಲ.

ಮುಖಕ್ಕೆ ಹೊಡೆದ ಹಾಗೆ ಮಾತಾಡುವ ಜಗಳಗಂಟಿ ಆಗಬೇಕಿದ್ದದ್ದು ಆಗ. ಎದ್ದು ಎರಡು ಬಾಗಿಲು ದಾಟಿ ಹೋಗಿ, ಅಣ್ಣ, ಹೀಗಾಯಿತು ಅನ್ನಬೇಕಿತ್ತು. ಊರವರ ತಪ್ಪು ಎತ್ತಿ ಹೇಳುವ ನಾಲಿಗೆ ನನ್ನ ತಪ್ಪಿಗೆ ಏಳಲಿಲ್ಲ. ಅದರ ಬದಲು ಕುತಂತ್ರ ಹೊಳೆಯಿತು. 'ಬೋರ್ಡ್' ಅನ್ನುವ ಹೆಸರನ್ನು ಮತ್ತೆ ಬರೆದೆ, ಅದು ಸುಲಭದ್ದು. ಉಳಿದದ್ದನ್ನು ಅವರ ಮನೆಯಲ್ಲೇ, ಆ ಕುರ್ಚಿಯಲ್ಲೇ ಕೂತು, ಒಂದು ಕಿವಿ ಮುಚ್ಚಿಕೊಂಡು, ಅತ್ತಿಗೆಗೆ ಕೇಳಿಸಿದ ಹಾಗೆ ಕೇಳಿಸಿಕೊಂಡು ತಿದ್ದಿದರಾಯಿತು ಅಂದುಕೊಂಡೆ. ಸರ್ಕಿಟ್ ಒರೆಸಲು ಇಟ್ಟಿದ್ದ ಹತ್ತಿಯಲ್ಲಿ ಒಂದು ಉಂಡೆ ಜೇಬಿಗೆ ಹಾಕಿಕೊಂಡೆ.

ಸಂಜೆ ರಿಸೀವರನ್ನು ನಾನೇ ಹೊತ್ತುಕೊಂಡು ಹೋದೆ. "ಆಯ್ತಾ?" ಅಂದರು ಅಣ್ಣ. "ಆಯ್ತು," ಅಂದೆ. "ಅದು...?" ಅಂದರು. "ಇದೆ," ಅಂದೆ. ಇಷ್ಟು ಸಣ್ಣ ಸುಳ್ಳು ಹೇಳಲು ನಾನು ಜನ್ಮದಲ್ಲಿ ಇಷ್ಟು ಕಷ್ಟಪಟ್ಟಿಲ್ಲ.

ತಂತಿ ಸಿಕ್ಕಿಸಲು ಹಿಂದೆ ಬಗ್ಗಿದಾಗ ನಿಜವಾದ ರೋಗ ಕಂಡಿತು. ಅಣ್ಣ ಗುಡಿಸುವಾಗ ಎಳೆದಾಡಿ, ಒಂದು ಸ್ಪೀಕರಿನ ತಂತಿಯ ಕೂದಲಿನಂಥ ಎಳೆ ಬಿಡಿಸಿಕೊಂಡು ಪಕ್ಕದ ತಂತಿಗೆ ತಾಗುತ್ತಿತ್ತು, ತಾಗಿದಾಗೆಲ್ಲ ಪೆಟ್ಟಿಗೆ ತಾನಾಗಿ ಆಫ್ ಆಗುತ್ತಿತ್ತು. ಅಷ್ಟೇ. ಉಗುರಿನಲ್ಲಿ ಹೊಸೆದರೆ ಹೋಗುವ ದೋಷ. ಪೆಟ್ಟಿಗೆಯನ್ನು ಅಂಗಡಿಗೆ ತರುವುದೇ ಬೇಕಿರಲಿಲ್ಲ, ಮುಖ ತೊಳೆಸುವುದಂತೂ ಬೇಕೇ ಇರಲಿಲ್ಲ. ಟಿವಿ ಸ್ಟ್ಯಾಂಡಿನ ಹಿಂದೆ ಮುಖ ಮರೆಸಿಕೊಂಡು ಎರಡು ನಿಮಿಷ ಹಾಗೇ ಬಗ್ಗಿ ನಿಂತಿದ್ದೆ.

"ಅಣ್ಣ, ಒಂದು ಲೋಟ ಟೀ ಮಾಡ್ತೀರಾ?" ಎಂದು ಅವರನ್ನು ಅಡಿಗೆಮನೆಗೆ ಕಳಿಸಿದೆ. ಮೊದಲ ಸಲ ಅತ್ತಿಗೆಯ ಕುರ್ಚಿಯಲ್ಲಿ ಕೂತೆ. ಕೈಯಿಡುವ ಕಡೆ ಬೆತ್ತ ಸವೆದು ನುಣ್ಣಗಾಗಿತ್ತು. ಅವರು ಅಂಗಡಿಯಲ್ಲಿ ನಿಲ್ಲುತ್ತಿದ್ದದ್ದನ್ನು ಕಣ್ಣಮುಂದೆ ತಂದುಕೊಂಡೆ: ಓರೆಯಾಗಿ, ಮಿಕ್ಸಿಗಳ ಕಡೆ ಕೇಳದ ಕಿವಿ. ಆ ಕಡೆಯ ಕಿವಿಗೆ ಹತ್ತಿ ತುರುಕಿ, ಸ್ಟೇಷನ್ನಿನ ದೃಶ್ಯ ಹಾಕಿ, ರಿಮೋಟು ಹಿಡಿದೆ. ಮಾತನ್ನು ಏರಿಸಿದೆ, ಸಂಗೀತ ಇಳಿಸಿದೆ, ಮುಚ್ಚಿದ ಕಿವಿಯ ಕಡೆಯ ಎರಡು ಸ್ಪೀಕರುಗಳನ್ನು ಎತ್ತಿದೆ. ಸಾಲದು ಅನ್ನಿಸಿತು, ಮತ್ತೆ ಎತ್ತಿದೆ. ಆಗ ನನಗೂ ಅರಿವಾಯಿತು. ಕೇಳದ ಕಡೆಯಿಂದ ಪ್ರಪಂಚವನ್ನು ಎಳೆದು ಎಳೆದು ಈಚೆ ತರಬೇಕು, ತಂದರೂ ಅದು ಪೂರ್ತಿ ಬರುವುದಿಲ್ಲ. ಇಂಥದ್ದರಲ್ಲಿ ಅಷ್ಟು ವರ್ಷ ಅತ್ತಿಗೆ ನಗುನಗುತ್ತಾ ಇದ್ದರು. ಅಡಿಗೆಮನೆಯಲ್ಲಿ ಲೋಟದ ಸದ್ದಾದಾಗ ಹತ್ತಿ ತೆಗೆದು ಜೇಬಿಗೆ ಹಾಕಿ ಎದ್ದೆ.

ಅಣ್ಣ ಟೀ ಲೋಟ ನನ್ನ ಕೈಗೆ ಕೊಟ್ಟು, ಕುರ್ಚಿಯಲ್ಲಿ ಕೂತು, ಕಣ್ಣು ಮುಚ್ಚಿದರು. ರೈಲು ಬಂತು, ಜನ ಬಂದರು, ಯಾರೋ ಯಾರನ್ನೋ ಕೂಗಿದರು. ಅಣ್ಣನ ತಲೆ ಸ್ವಲ್ಪ ಒಂದು ಕಡೆಗೆ ತಿರುಗಿ, ಹಾಗೇ ನಿಂತಿತು. ದೃಶ್ಯ ಮುಗಿದ ಮೇಲೂ ಕಣ್ಣು ತೆರೆಯಲಿಲ್ಲ.

"ಚೆನ್ನಾಗಿದೆ ತಂಗಿ," ಅಂದರು ಆಮೇಲೆ. ನಾನು ಬಿಸಿ ಟೀಯನ್ನು ಒಂದೇ ಗುಟುಕಿಗೆ ಕುಡಿದು ಓಡಿಬಂದೆ. ಗೆದ್ದೆ ಅಂದುಕೊಂಡೆ. ನಾಚಿಕೆಗೆಟ್ಟವಳು, ಆ ರಾತ್ರಿ ಚೆನ್ನಾಗಿ ನಿದ್ದೆಯನ್ನೂ ಮಾಡಿದೆ.

ಅದಾದ ಮೇಲೆ ಎಂಟು ದಿನ ಅಣ್ಣ ನನ್ನ ಅಂಗಡಿಯ ಮುಂದೆ ಹಾಯಲಿಲ್ಲ. ಒಂಬತ್ತನೆಯ ದಿನ ಮನಸ್ಸು ತಡೆಯದೆ ನಾನೇ ಹೋದೆ. ಅವರು ಕಾಲಿನ ಯಂತ್ರ ತುಳಿದು ಪಟ್ಟಿ ಕತ್ತರಿಸುತ್ತಿದ್ದರು. ತೇಗದ ಬಣ್ಣದ, ಹೂಬಳ್ಳಿಯಿಲ್ಲದ ಸಾದಾ ಪಟ್ಟಿ. ಮೇಜಿನ ಮೇಲೆ ಒಂದು ಫೋಟೋ ಇತ್ತು. ಬೋರಲಾಗಿರಲಿಲ್ಲ, ಅಂಗಾತ ಇತ್ತು. ಬೋರ್ಡಿನ ಮುಂದೆ ಕೂತು, ಹೆಡ್‌ಫೋನು ಸಿಕ್ಕಿಸಿಕೊಂಡು, ಯಾರನ್ನೋ ನೋಡಿ ನಗುತ್ತಿರುವ ಅತ್ತಿಗೆ.

"ಅಣ್ಣ, ಇದು..." ಅಂದೆ.

"ಇನ್ನು ಬೇಕಾಗುತ್ತಲ್ಲ," ಅಂದರು, ಪಟ್ಟಿಯಿಂದ ಕಣ್ಣೆತ್ತದೆ.

ಅವರ ಸ್ಟೂಲಿನ ಮೇಲೆ ಕೂತು, ಮಿಕ್ಸಿಯಾಕೆಯಿಂದ ಹತ್ತಿಯ ತನಕ ಎಲ್ಲ ಹೇಳಿದೆ. ಅಳುತ್ತಾ, ನನಗೆ ಬೈಯಿರಿ ಅಂದೆ.

"ಬೈದ್ರೆ ಬರುತ್ತಾ?" ಅಂದರು. ಪಟ್ಟಿಯ ಮೂಲೆ ಜೋಡಿಸಿ ಮೊಳೆ ಹೊಡೆದರು. "ಕೋಪ ಬಂದಿತ್ತು. ನಿನ್ನ ಮುಖ ನೋಡಬಾರದು ಅಂತ ಎಂಟು ದಿನ ಹಿಂದಿನ ರಸ್ತೆಯಿಂದ ಸುತ್ಕೊಂಡು ಬಂದೆ. ಕೇಳಿದ ಕೂಡಲೇ ಗೊತ್ತಾಯ್ತು ತಂಗಿ. ಟೀ ಸೋಸೋವಾಗ ನಿನ್ನ ಕಿವಿಯಲ್ಲಿ ಹತ್ತಿ ಕಂಡಿತ್ತು. ಬಲಗಿವಿಯಲ್ಲಿ."

ಪಟ್ಟಿಯ ಇನ್ನೊಂದು ಮೂಲೆ ಜೋಡಿಸಿದರು.

"ಅವಳಿಗೆ ಕೇಳಿಸದೆ ಇದ್ದದ್ದು ಎಡಗಿವಿ."

ಕೌಂಟರಿನ ಆಚೆ ನಿಂತವರ ಎಡಗಿವಿ ಈಚೆ ನಿಂತವಳ ಬಲಕ್ಕೆ. ಇಷ್ಟು ವರ್ಷ ಎದುರಿಗೆ ನಿಂತು ನೋಡಿದ್ದೆನೇ ಹೊರತು ಅತ್ತಿಗೆಯ ಪಕ್ಕದಲ್ಲಿ ಒಂದು ದಿನವೂ ನಿಂತಿರಲಿಲ್ಲ. ಅವರ ಪ್ರಪಂಚ ಯಾವ ಕಡೆಗೆ ವಾಲಿತ್ತು ಎಂಬುದೇ ನನಗೆ ಗೊತ್ತಿರಲಿಲ್ಲ. ಅಣ್ಣನ ಬಾಯಿಂದ ಬೈಗುಳ ಬಂದಿದ್ದರೆ ಇಷ್ಟು ನೋಯುತ್ತಿರಲಿಲ್ಲ.

"ಎಷ್ಟೋ ಸಲ ಆ ಅಂಕಿಗಳನ್ನ ನಾನೂ ನೋಡಿದ್ದೆ," ಅಂದರು ಅಣ್ಣ. "ನೆನಪಿಟ್ಕೊಳ್ಳಲಿಲ್ಲ. ಎಲ್ಲಿ ಹೋಗುತ್ತೆ ಅಂತ. ಅವಳ ವಿಷಯದಲ್ಲೂ ಹಾಗೇ ಅಂದ್ಕೊಂಡಿದ್ದೆ." ಗಾಜನ್ನು ಬಟ್ಟೆಯಿಂದ ಒರೆಸಿ, ಬೆಳಕಿಗೆ ಹಿಡಿದು ನೋಡಿ, ಫೋಟೋದ ಮೇಲಿಟ್ಟರು. "ಭಾನುವಾರ ಬಾ. ಆ ಮೈಕು ತಗೊಂಡು ಬಾ. ನನ್ನ ಕುರ್ಚಿಗೆ ಅಳತೆ ಹಾಕ್ಕೊಡು."

ಭಾನುವಾರ ಹತ್ತು ಗಂಟೆಗೆ ಹೋದೆ. ಫೋಟೋ ಗೋಡೆಗೆ ಬಂದಿತ್ತು, ನಡುವಿನ ಸ್ಪೀಕರಿನ ಸರಿಯಾಗಿ ಮೇಲೆ. ಅತ್ತಿಗೆಯ ಕುರ್ಚಿಯನ್ನು ಅಣ್ಣ ಒಳಕೋಣೆಯಲ್ಲಿ ಇಟ್ಟಿದ್ದರು. ನೆಲದ ಮೇಲೆ ಅದರ ನಾಲ್ಕು ಕಾಲಿನ ಗುರುತು ಮಾತ್ರ ಇತ್ತು. ನಾನು ಮೈಕನ್ನು ಅಣ್ಣನ ಕುರ್ಚಿಯ ಮೇಲೆ, ಪುಸ್ತಕಗಳನ್ನು ಒಟ್ಟಿ, ಅವರ ಕಿವಿಯ ಎತ್ತರಕ್ಕೆ ನಿಲ್ಲಿಸಿದೆ. ಇಬ್ಬರೂ ಬಾಗಿಲ ಹತ್ತಿರ ನಿಂತೆವು. ಸದ್ದು ಮಾಡಬಾರದು ಎಂದು ನಾನು ಹೇಳಲಿಲ್ಲ, ಹೇಳುವ ಅಗತ್ಯವಿರಲಿಲ್ಲ. ಗುಂಡಿ ಒತ್ತಿದೆ.

ಮೊದಲ ಸ್ಪೀಕರು 'ಝುಂಯ್' ಅಂದಿತು. ನಾನು ಸೆರಗನ್ನು ಬಾಯಿಗೆ ಒತ್ತಿಕೊಂಡೆ. ಅಣ್ಣ ಗೋಡೆಯ ಮೇಲಿನ ಫೋಟೋ ನೋಡುತ್ತಾ ನಿಂತಿದ್ದರು, ಅಲ್ಲಿಂದ ಉತ್ತರ ಬರುತ್ತದೇನೋ ಎಂಬಂತೆ. ನಡುವಿನ ಸ್ಪೀಕರು ಅಂದಿತು, ಅದರ ಪಕ್ಕದ್ದು ಅಂದಿತು, ಹಿಂದಿನವೆರಡೂ ಅಂದವು. ಯಾರು ಬೇಕಿತ್ತು ಎಂದು ಯಾರೂ ಕೇಳಲಿಲ್ಲ. ಯಾರೂ ನಗಲಿಲ್ಲ. ಈ ಸಲ ಮೊದಲ ಸಲಕ್ಕೇ ಅಳತೆ ಮುಗಿಯಿತು.